ಹೆದರಿಸುವ ಕಥೆಗಳೂ ಓದುಗರ ಪ್ರತಿಕ್ರಿಯೆಯೂ

(ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಭಾಷಾ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೆದರಿಕೆ ಹುಟ್ಟಿಸುವ ಕಥೆಗಳನ್ನು ಮಕ್ಕಳಿಗೆ ಕೊಡಬಹುದೇ? ಉರ್ದು, ಕನ್ನಡ ಎರಡನ್ನೂ ಕಲಿಸುವ ನನ್ನನ್ನು ಪೋಷಕರು ಆಗಾಗ ಕೇಳುವ ಪ್ರಶ್ನೆ ಇದು. "ಮಗು ರಾತ್ರಿ ಬೆಚ್ಚಿ ಬೀಳುತ್ತೆ, ಅಂಥ ಪುಸ್ತಕ ಶಾಲೆಯ ಲೈಬ್ರರಿಯಲ್ಲಿ ಯಾಕಿರಬೇಕು, ತೆಗೆದುಬಿಡಿ" ಎನ್ನುವವರೂ ಇದ್ದಾರೆ. ಅವರ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪುಸ್ತಕ ತೆಗೆಯುವ ಮೊದಲು, ಓದಿದವರಿಗೆ ನಿಜವಾಗಿ ಆಗುವುದೇನು ಎಂದು ಸ್ವಲ್ಪ ಯೋಚಿಸೋಣ.

ಹೆದರಿಸುವ ಕಥೆಗಳಲ್ಲಿ ಎರಡು ಬಗೆ. ಮೊದಲನೆಯದು ದೆವ್ವದ ಕಥೆ. ಕನ್ನಡದ ಮನೆಯಲ್ಲಿ ಕೊಳ್ಳಿದೆವ್ವ, ಮೋಹಿನಿ. ಉರ್ದು ಮಾತಾಡುವ ಮನೆಯಲ್ಲಿ ಜಿನ್, ಚುಡೈಲ್. 1990ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವದ ಸುದ್ದಿ ಹಬ್ಬಿದಾಗ ಬೆಂಗಳೂರಿನಲ್ಲೂ ಸುತ್ತಲ ಊರುಗಳಲ್ಲೂ ಜನ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರು. ಬರಹ ಓದಿದ ದೆವ್ವ ಹಿಂದಕ್ಕೆ ಹೋಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ! ಇಂಥ ಭಯ ಬಹುಕಾಲ ನಿಲ್ಲುವುದಿಲ್ಲ. ಬೆಳಗಾದರೆ ನಗು ಬರುತ್ತದೆ.

ಎರಡನೆಯ ಬಗೆಯಲ್ಲಿ ದೆವ್ವವೇ ಇರುವುದಿಲ್ಲ. ಇರುವವರೆಲ್ಲ ಮನುಷ್ಯರು, ಅದೂ ನಮ್ಮ ನೆರೆಹೊರೆಯವರಂಥವರು. ಬೆಳಗಾದರೂ ಈ ಭಯ ಹೋಗುವುದಿಲ್ಲ. ಓದುಗರು ಸಿಟ್ಟಾಗುವುದು ಇಂಥ ಕಥೆಗಳ ಮೇಲೆಯೇ.

ಇದಕ್ಕೆ ಒಂದು ಒಳ್ಳೆಯ ದಾಖಲೆಯಿದೆ. ಅಮೆರಿಕದ ಲೇಖಕಿ ಶರ್ಲಿ ಜಾಕ್ಸನ್ ಬರೆದ 'ದಿ ಲಾಟರಿ' ಎಂಬ ಸಣ್ಣಕಥೆ 1948ರ ಜೂನ್ 26ರ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಆಕೆಯ ಕಥಾಸಂಕಲನಕ್ಕೂ ಅದೇ ಹೆಸರು ಬಂತು. ಕಥೆ ನಡೆಯುವುದು ಜೂನ್ 27ರ ಬೆಳಿಗ್ಗೆ. ಸುಮಾರು 300 ಜನರ ಹಳ್ಳಿ. ಎಲ್ಲರೂ ಬೆಳೆ, ಮಳೆ, ತೆರಿಗೆಯ ಮಾತಾಡುತ್ತ ಬಯಲಿನಲ್ಲಿ ಸೇರುತ್ತಾರೆ. ಹಳೆಯ ಕಪ್ಪು ಪೆಟ್ಟಿಗೆಯಿಂದ ಒಬ್ಬೊಬ್ಬರೂ ಚೀಟಿ ಎತ್ತುತ್ತಾರೆ. ಕೊನೆಗೆ ಗುರುತು ಹಾಕಿದ ಚೀಟಿ ಒಬ್ಬ ಗೃಹಿಣಿಯ ಕೈಗೆ ಬರುತ್ತದೆ. ಊರವರು ಅವಳಿಗೆ ಕಲ್ಲು ಹೊಡೆಯತೊಡಗುತ್ತಾರೆ. ಅವಳ ಪುಟ್ಟ ಮಗನ ಕೈಗೂ ಯಾರೋ ಕೆಲವು ಚಿಕ್ಕ ಕಲ್ಲು ಕೊಡುತ್ತಾರೆ. ಯಾಕೆ ಎಂದರೆ, ಹಿಂದಿನಿಂದಲೂ ನಡೆದುಬಂದಿದೆ, ನಡೆಸಿದರೆ ಬೆಳೆ ಚೆನ್ನಾಗಿ ಬರುತ್ತದೆ, ಅಷ್ಟೆ.

ಆ ಬೇಸಿಗೆಯಲ್ಲಿ ಲೇಖಕಿಗೆ 300ಕ್ಕೂ ಹೆಚ್ಚು ಪತ್ರಗಳು ಬಂದವು. ಒಳ್ಳೆಯ ಮಾತು ಬರೆದದ್ದು 13 ಪತ್ರಗಳಲ್ಲಿ ಮಾತ್ರ, ಅವೂ ಹೆಚ್ಚಾಗಿ ಸ್ನೇಹಿತರವು. ಹೆತ್ತ ತಾಯಿಯೇ ನಿನ್ನ ಕಥೆ ನಮಗೆ ಹಿಡಿಸಲಿಲ್ಲ ಎಂದು ಬರೆದರು. ಮುಂದೆ ಜಾಕ್ಸನ್ ಈ ಪತ್ರಗಳ ಬಗ್ಗೆಯೇ ಒಂದು ಉಪನ್ಯಾಸ ಸಿದ್ಧಪಡಿಸಿ, ಅವುಗಳಲ್ಲಿ ಮುಖ್ಯವಾಗಿ ಗೊಂದಲ, ಊಹೆ, ಬೈಗುಳ ಎಂಬ ಮೂರು ಬಗೆ ಇದ್ದವು ಎಂದರು. ಎಲ್ಲಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಕೆಲವರು, ಇಂಥ ಲಾಟರಿ ಯಾವ ಊರಿನಲ್ಲಿ ನಡೆಯುತ್ತದೆ, ನಾವು ಹೋಗಿ ನೋಡಬಹುದೇ ಎಂದು ಕೇಳಿದ್ದರು!

ಈ ಪ್ರಶ್ನೆಯನ್ನು ಗಮನಿಸಿ. "ಯಾವ ಊರು?" ಎಂದು ಕೇಳುವಾಗ ಓದುಗ ತನ್ನ ಊರನ್ನು ಪಕ್ಕಕ್ಕಿಟ್ಟು ಕೇಳುತ್ತಾನೆ. ಎಲ್ಲೋ ದೂರದಲ್ಲಿ ನಡೆಯುವುದಾದರೆ ನನಗೇನೂ ಸಂಬಂಧವಿಲ್ಲ ಎಂಬ ಸಮಾಧಾನ ಅದರಲ್ಲಿದೆ.

ಅದೇ 1948ರಲ್ಲಿ ಲಾಹೋರಿನ 'ನುಕೂಶ್' ಎಂಬ ಉರ್ದು ಪತ್ರಿಕೆಯಲ್ಲಿ ಸಾದತ್ ಹಸನ್ ಮಂಟೋ ಅವರ 'ಖೋಲ್ ದೋ' ಅಚ್ಚಾಯಿತು. ದೇಶವಿಭಜನೆಯ ಗಲಭೆಯಲ್ಲಿ ಕಳೆದುಹೋದ ಮಗಳನ್ನು ಹುಡುಕುವ ತಂದೆಯ ಕಥೆ. ಅವಳನ್ನು ಹಾಳುಮಾಡಿದವರು ಶತ್ರುಗಳಲ್ಲ, ಹುಡುಕಿಕೊಡುತ್ತೇವೆಂದು ಹೊರಟ ಸ್ವಂತ ಕಡೆಯ ಯುವಕರು. ಪ್ರತಿಕ್ರಿಯೆ ಏನಾಯಿತು? ಸರ್ಕಾರ ಪತ್ರಿಕೆಯನ್ನೇ ಆರು ತಿಂಗಳು ನಿಲ್ಲಿಸಿತು. ಮುಂದೆ 'ಠಂಡಾ ಗೋಷ್ತ್' ಕಥೆಗಾಗಿ ಮಂಟೋ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಆ ಕ್ರೌರ್ಯ ಎಸಗಿದವರ ಕಡೆಗೆ ತಿರುಗಬೇಕಿದ್ದ ಕೋಪ, ಅದನ್ನು ಬರೆದವನ ಕಡೆಗೆ ತಿರುಗಿತು.

ಕನ್ನಡದಲ್ಲಿ ಹೀಗೆ ಆಗಿಲ್ಲವೇ ಎಂದು ನೀವು ಕೇಳಬಹುದು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ನೆನೆಯಿರಿ. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಕಾಯಿಲೆಯ ಮಗುವನ್ನು ಕಟ್ಟಿಕೊಂಡು, ನ್ಯಾಯ ಕೇಳುತ್ತ ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ. ಇದನ್ನಾಧರಿಸಿ ಗಿರೀಶ್ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ಚಿತ್ರ ಮಾಡಿದರು. ಈ ಕಥೆಯೂ ಸೇರಿದಂತೆ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಆ ಸಂಕಲನ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಇದನ್ನು ಯಾರೂ ದೆವ್ವದ ಕಥೆ ಎನ್ನುವುದಿಲ್ಲ. ಆದರೂ ಓದುವಾಗ ಮೈ ತಣ್ಣಗಾಗುತ್ತದೆ. ನಮ್ಮ ನಡುವೆ ಕೆಲವರ ಮೊದಲ ಮಾತು, "ಮನೆಯ ಮಾತನ್ನು ಬೀದಿಗೆ ತರುವುದು ಯಾಕೆ?" ಎಂಬುದು. ಮನೆಯೊಳಗೇ ಆ ಮಾತನ್ನು ಕೇಳಿಸಿಕೊಂಡಿದ್ದರೆ ಅದು ಬೀದಿಗೆ ಬರುವ ಅಗತ್ಯ ಬೀಳುತ್ತಿತ್ತೇ ಎಂದು ಅವರನ್ನು ನಾನು ಮರುಪ್ರಶ್ನೆ ಕೇಳುತ್ತೇನೆ.

ಇನ್ನು ಎಲ್ಲರಿಗೂ ಗೊತ್ತಿರುವ ಒಂದು ಹಾಡಿಗೆ ಬರೋಣ. ಕುಣಿಗಲ್ಲಿನವರಿಗೆ ತಮ್ಮ ಕೆರೆಯ ಚೆಲುವನ್ನು ಹೊಗಳುವ ಹಾಡಿದೆ, ನಾಡೆಲ್ಲ ಅದನ್ನು ಹಾಡುತ್ತದೆ. ಕೆರೆಯ ಮೇಲೆ ಉತ್ತರ ಕರ್ನಾಟಕದ ಇನ್ನೊಂದು ಜನಪದ ಕಥನಗೀತೆ ಇದೆ, 'ಕೆರೆಗೆ ಹಾರ'. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಬಲಿ ಕೊಡಬೇಕೆಂಬ ಮಾತು ಬಂತು. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವೆಂದು ಕಿರಿಸೊಸೆ ಭಾಗೀರಥಿಯನ್ನು ಕೊಟ್ಟರು. ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರಿದ. ಅಲ್ಲಿ ಬೆಳೆಗಾಗಿ ಚೀಟಿ, ಇಲ್ಲಿ ನೀರಿಗಾಗಿ ಸೊಸೆ. ಜಾಕ್ಸನ್ನರ ಓದುಗರು ಕೇಳಿದ "ಯಾವ ಊರು" ಎಂಬ ಪ್ರಶ್ನೆಗೆ ಉತ್ತರ ನಮ್ಮ ಹಾಡಿನಲ್ಲೇ ಇತ್ತು.

ನಾವು ಇದನ್ನು 'ತ್ಯಾಗ' ಎಂದು ಪಾಠ ಮಾಡುತ್ತೇವೆ, ಉತ್ತರಪತ್ರಿಕೆಯಲ್ಲೂ ಅದೇ ಪದ ನಿರೀಕ್ಷಿಸುತ್ತೇವೆ. ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ಕೇಳಿದಳು: "ಸಾರ್, ಹಿರಿಸೊಸೆಗೆ ಮನೆಯಲ್ಲಿ ಯಜಮಾನಿಕೆ ಇತ್ತು, ಉಳಿದುಕೊಂಡಳು. ಇವಳಿಗೆ ಏನೂ ಇರಲಿಲ್ಲ ಅಂತ ಇವಳನ್ನ ಕೊಟ್ಟರಾ?" ತರಗತಿ ಸುಮ್ಮನಾಯಿತು. ಅವಳು ಹೆದರಿದ್ದಳು, ನಿಜ. ಆದರೆ ಹೆದರಿದ್ದರಿಂದಲೇ ಅವಳಿಗೆ ಆ ಪ್ರಶ್ನೆ ಹೊಳೆಯಿತು. 'ತ್ಯಾಗ' ಎಂಬ ಪದ ಬರೆದು ಪೂರ್ತಿ ಅಂಕ ಪಡೆದವರಿಗೆ ಅದು ಹೊಳೆದಿರಲಿಲ್ಲ.

ಗುಬ್ಬಿ ಕಂಪನಿಯ ನಾಟಕಗಳನ್ನು ಕಂಡ ಹಿರಿಯರ ಮಾತು ಕೇಳಿದ ನಮಗೆಲ್ಲ ಗೊತ್ತು, ರಂಗದ ಮೇಲಿನ ಭಯವನ್ನು ಸಾವಿರ ಜನ ಒಟ್ಟಿಗೆ ಹಂಚಿಕೊಳ್ಳುತ್ತಾರೆ. ಪಕ್ಕದವರ ಕೈ ಹಿಡಿದುಕೊಂಡರೆ ಧೈರ್ಯ. ಕಥೆಯನ್ನಾದರೋ ಮಗು ಒಂಟಿಯಾಗಿ ಓದುತ್ತದೆ. ಹಾಗಾಗಿ ಶಿಕ್ಷಕರಲ್ಲಿ, ಪೋಷಕರಲ್ಲಿ ನನ್ನ ವಿನಂತಿ ಇಷ್ಟು. ಮೊದಲನೆಯದಾಗಿ, ವಯಸ್ಸು ನೋಡಿ ಕೊಡೋಣ. ಮಂಟೋ ಪ್ರೌಢಶಾಲೆಯ ಮಕ್ಕಳಿಗಲ್ಲ, ಕಾಲೇಜಿನವರಿಗೆ. ಎರಡನೆಯದಾಗಿ, ಓದಿದ ಮಗುವಿನ ಪಕ್ಕದಲ್ಲಿ ಕುಳಿತು, ಯಾವ ಜಾಗದಲ್ಲಿ ಹೆದರಿಕೆಯಾಯಿತು ಎಂದು ಕೇಳೋಣ. ಮೂರನೆಯದಾಗಿ, ನಮ್ಮ ಸಿಟ್ಟು ಇಳಿಯುವವರೆಗೆ ಪುಸ್ತಕದ ಮೇಲೆ ತೀರ್ಪು ಕೊಡದಿರೋಣ.

ದೆವ್ವಕ್ಕೆ 'ನಾಳೆ ಬಾ' ಎಂದು ಬರೆದರೆ ತಪ್ಪಿಲ್ಲ. ಇಂಥ ಕಥೆಗೂ ಹಾಗೆಯೇ ಬರೆದು ಬಾಗಿಲು ಹಾಕಿಕೊಂಡರೆ, ಪ್ರಶ್ನೆ ಕೇಳಲು ಎದ್ದು ನಿಂತ ಆ ಹುಡುಗಿಯನ್ನೂ ಹೊರಗೇ ನಿಲ್ಲಿಸಿದಂತಾಗುತ್ತದೆ. ಅಂಥ ಪುಸ್ತಕಗಳು ನಮ್ಮ ಲೈಬ್ರರಿಗಳಲ್ಲಿ ಉಳಿಯಲಿ ಎಂದು ಕೋರುತ್ತ ನನ್ನ ಮಾತು ಮುಗಿಸುತ್ತೇನೆ.