ಒಂದು ಚೀಟಿಯ ಮೇಲಿನ ಒಂದು ಪದ

 

ಇಂಟರ್ನ್‌ಶಿಪ್ ಎಂದರೆ ನಮ್ಮ ಮಕ್ಕಳು ಕಂಪನಿ, ಬ್ಯಾಂಕುಗಳತ್ತ ನೋಡುತ್ತಾರೆ. ಸಂಬಳವಿಲ್ಲದ ಸೇವಾಕರ್ತರು ನಡೆಸುವ ಇತಿಹಾಸ ಸಂಗ್ರಹಾಲಯದಲ್ಲಿಯೂ ಕಲಿಯುವುದು ಬಹಳವಿದೆ. ದೂರದ ಒಂದು ನಿದರ್ಶನ ಹೇಳುತ್ತೇನೆ.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಪಯನಿಯರ್ ಮೆಮೋರಿಯಲ್ ಮ್ಯೂಸಿಯಂ ಇದೆ. 1847ರಿಂದ 1869ರಲ್ಲಿ ರೈಲುಮಾರ್ಗ ಕೂಡುವವರೆಗೆ ಗಾಡಿ ಕಟ್ಟಿಕೊಂಡು, ಕೈಗಾಡಿ ಎಳೆದುಕೊಂಡು ಬಂದು ಯೂಟಾದಲ್ಲಿ ನೆಲೆಸಿದ ಮಾರ್ಮನ್ ಪಂಥದವರ ವಸ್ತುಗಳು ಅಲ್ಲಿವೆ. ಆ ವಲಸಿಗರ ವಂಶದ ಹೆಣ್ಣುಮಕ್ಕಳು 1901ರಲ್ಲಿ ಕಟ್ಟಿದ ಸಂಘವೇ ಅದನ್ನು ಕಾಪಾಡುತ್ತಿದೆ.

ಇಂಥಲ್ಲಿ ವಿದ್ಯಾರ್ಥಿ ಕಲಿಯುವುದೇನು? ವಸ್ತು ಬಂದೊಡನೆ ಅದಕ್ಕೊಂದು ಸಂಖ್ಯೆ ಕೊಡಬೇಕು. ಯಾರು ಕೊಟ್ಟರು, ಯಾರದು, ಈಗ ಯಾವ ಸ್ಥಿತಿಯಲ್ಲಿದೆ ಎಂದು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಹಳೆಯ ಬಟ್ಟೆಗೆ ಅಂಟು ಹಚ್ಚಬಾರದು. ಸಂಖ್ಯೆ ಬರೆದ ಹತ್ತಿಯ ಪಟ್ಟಿಯನ್ನು ಹಗುರಾಗಿ ಹೊಲಿಯಬೇಕು. ಕೊನೆಗೆ ನೋಡುವವರಿಗಾಗಿ ಪರಿಚಯದ ಚೀಟಿ ಬರೆಯಬೇಕು. ಎಲ್ಲಕ್ಕಿಂತ ಹೊಣೆಯ ಕೆಲಸ ಈ ಚೀಟಿಯದು.

ಏಕೆಂದರೆ, 1847ರ ಮೊದಲ ತಂಡದಲ್ಲಿ ಗ್ರೀನ್ ಫ್ಲೇಕ್, ಹಾರ್ಕ್ ಲೇ, ಆಸ್ಕರ್ ಕ್ರಾಸ್ಬಿ ಎಂಬ ಮೂವರು ಕಪ್ಪು ಜನರಿದ್ದರು. ಅವರು ಗುಲಾಮರು. ಅದೇ ನಗರದ ಬ್ರಿಗಮ್ ಯಂಗ್ ಸ್ಮಾರಕದ ಫಲಕದಲ್ಲಿ ಅವರ ಹೆಸರುಗಳೇನೋ ಇವೆ. ಆದರೆ ಅಲ್ಲಿ ಅವರನ್ನು ಕರೆದದ್ದು 'ಸೇವಕರು' ಎಂದು. 1852ರಲ್ಲಿ ಯೂಟಾದ ಶಾಸನಸಭೆ ಗುಲಾಮಗಿರಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. 1862ರಲ್ಲಿ ಅಮೆರಿಕದ ಸಂಸತ್ತು ಅದನ್ನು ನಿಷೇಧಿಸಿತು. ಇನ್ನು ಯೂಟ್, ಶೋಶೋನಿ ಜನ ಆ ನೆಲದಲ್ಲಿ ಮೊದಲೇ ಬಾಳುತ್ತಿದ್ದರು. 'ಮೊದಲು ಬಂದವರು' ಎಂದು ಬರೆದೊಡನೆ ಅವರು ಇರಲೇ ಇಲ್ಲವೆಂಬಂತಾಗುತ್ತದೆ.

ಸೇವಕನೋ ಗುಲಾಮನೋ? ಚೀಟಿ ಬರೆಯುವ ವಿದ್ಯಾರ್ಥಿ ಆ ಒಂದು ಪದವನ್ನು ಆರಿಸಬೇಕು. ತನ್ನ ಹಿರಿಯರ ಕಷ್ಟವನ್ನು ಗೌರವಿಸುತ್ತಲೇ, ಅವರ ನೆರಳಲ್ಲಿ ಮರೆಯಾದವರ ಹೆಸರನ್ನೂ ಬರೆಯುವ ಧೈರ್ಯ ಅವನಿಗೆ, ಅವಳಿಗೆ ಬೇಕು. ಇದು ಅಂಕಪಟ್ಟಿಯಲ್ಲಿ ಕಾಣುವ ಕಲಿಕೆಯಲ್ಲ, ಆದರೆ ಬಾಳಿನುದ್ದಕ್ಕೂ ಉಳಿಯುವ ಕಲಿಕೆ.

ಹಿರಿಯರಲ್ಲಿಯೂ ಒಂದು ವಿನಂತಿ. ಇಂಥ ಸಂಸ್ಥೆಗಳಿಗೆ ಬಂದ ಮಕ್ಕಳನ್ನು ಕುರ್ಚಿ ಹಾಕಲು, ಫೋಟೊ ತೆಗೆಯಲು ಮಾತ್ರ ಹಚ್ಚಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ದಾಖಲೆ ಪುಸ್ತಕ ತೋರಿಸಿ. ಯಾವ ಪೆಟ್ಟಿಗೆ ಯಾರ ಮನೆಯಿಂದ ಬಂತೆಂಬುದು ಅನೇಕ ಸಲ ವಯಸ್ಸಾದ ಸೇವಾಕರ್ತರ ನೆನಪಿನಲ್ಲಷ್ಟೇ ಇರುತ್ತದೆ. ಅವರು ಹೋದರೆ ಪೆಟ್ಟಿಗೆ ಉಳಿಯುತ್ತದೆ, ಅದರ ಕಥೆ ಹೋಗುತ್ತದೆ. ಮಕ್ಕಳು ಪ್ರಶ್ನೆ ಕೇಳಿದರೆ ಅಧಿಕಪ್ರಸಂಗವೆನ್ನಬೇಡಿ. ಮಠದ, ಮನೆಯ ಹಳೆಯ ವಸ್ತುಗಳ ಮುಂದೆ ನಿಂತಾಗಲೂ ಅವರು ಇದೇ ಪ್ರಶ್ನೆ ಕೇಳಲಿ: ಇದನ್ನು ಬಳಸಿದವರು ಯಾರು, ಇದಕ್ಕಾಗಿ ದುಡಿದವರು ಯಾರು?