ನಲ್ಲಿಯ ನೀರು, ಸಾಲದ ಲೆಕ್ಕ

ಕುಂದಾಪುರ ಪೇಟೆಯ ನಲ್ಲಿಯಿಂದ ನಿಮ್ಮ ಕೊಡಕ್ಕೆ ಬೀಳುವುದು ವಾರಾಹಿಯ ನೀರು. ಜಪ್ತಿಯಿಂದ ಬರುವ ಆ ನೀರಿಗಿಂತ ಅದನ್ನು ತಂದ ಹಣ ಬಂದ ದಾರಿ ಬಹಳ ದೂರದ್ದು. ಕರಾವಳಿಯ ಮತ್ತು ಅದರ ನೆರೆಯ ಹತ್ತು ಊರುಗಳ ನೀರು, ಚರಂಡಿ ಮುಂತಾದ ಕೆಲಸಗಳಿಗಾಗಿ ಮನಿಲಾದ ಏಷ್ಯನ್ ಅಭಿವೃದ್ಧಿ ಬ್ಯಾಂಕು 1999ರಲ್ಲಿ 17.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಆ ಹತ್ತರಲ್ಲಿ ಕುಂದಾಪುರವೂ ಒಂದು. ಇಂಥದನ್ನು ನಾವು ವಿದೇಶಿ ನೆರವೆಂದು ಕರೆಯುತ್ತೇವೆ. ಬಡ್ಡಿ ಸಹಿತ ತೀರಿಸಬೇಕಾದುದಕ್ಕೆ ಅದು ತುಸು ದೊಡ್ಡ ಹೆಸರೇ ಸರಿ!

ಸಾಲ ಕೊಟ್ಟವರು ಲೆಕ್ಕ ಕೇಳದೆ ಬಿಡುವುದಿಲ್ಲ. ಕೆಲಸ ಮುಗಿದ ಮೇಲೆ ವರದಿ ಬರೆದು ಪ್ರಕಟಿಸುತ್ತಾರೆ. ನಮ್ಮದೇ ಬೊಕ್ಕಸದ ಹಣವಾದರೋ? ಅದೇ ನದಿಯ ನೀರಾವರಿ ಯೋಜನೆಯನ್ನು ನೋಡಿ. 1979ರಲ್ಲಿ ಒಪ್ಪಿಗೆಯಾದಾಗ ಅಂದಾಜು 9 ಕೋಟಿ 43 ಲಕ್ಷ ರೂಪಾಯಿ; ನೀರುಣಬೇಕಾದದ್ದು ಕುಂದಾಪುರ, ಉಡುಪಿ ತಾಲೂಕುಗಳ 15,702 ಹೆಕ್ಟೇರು. ಬೈಂದೂರು, ಬ್ರಹ್ಮಾವರಗಳು ಆಗಿನ್ನೂ ಬೇರೆ ತಾಲೂಕುಗಳಾಗಿರಲಿಲ್ಲ. ಎಡದಂಡೆ ಕಾಲುವೆಗೆ ನೀರು ಬಿಟ್ಟದ್ದು 2015ರಲ್ಲಿ. ವೆಚ್ಚ ಅಷ್ಟರಲ್ಲಿ ನೂರಾರು ಕೋಟಿ. 1979ರಲ್ಲಿ ತೊಟ್ಟಿಲಲ್ಲಿದ್ದ ಕೂಸು ತನ್ನ ಮಕ್ಕಳನ್ನು ಶಾಲೆಗೆ ಕಳಿಸುವ ವಯಸ್ಸಿಗೆ ಬಂದಿತ್ತು.

ಮನಿಲಾದವರು ಕೇಳಿದಂತೆ ನೀವೂ ಕೇಳಬಹುದು. ಗ್ರಾಮ ಪಂಚಾಯತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಕಡತ, ಬಿಲ್ಲು, ಕಾಮಗಾರಿ ಎಲ್ಲವನ್ನೂ ಊರವರ ಮುಂದಿಡಬೇಕು. ನಮ್ಮಲ್ಲಿ ಅನೇಕರು ಅಂದೇ ನೆಂಟರ ಮನೆಗೆ ಹೊರಡುವುದುಂಟು. ಕಾಲುವೆಯಂಥ ದೊಡ್ಡ ಕೆಲಸಕ್ಕೆ 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು. ಅರ್ಜಿಯಲ್ಲಿ "ಯಾಕೆ ತಡ?" ಎನ್ನಬೇಡಿ, ಉತ್ತರ ಹಾರಿಕೆಯದಾದೀತು. ಮೊದಲ ಅಂದಾಜಿನ ಪ್ರತಿ, ಪರಿಷ್ಕೃತ ಅಂದಾಜುಗಳ ಪ್ರತಿ, ಒಪ್ಪಿಗೆಯಿತ್ತ ಆಜ್ಞೆ, ಇವಿಷ್ಟನ್ನೇ ಕೇಳಿ.