ಪೋಲೆಂಡಿನ ಶಕಾರ ಷಕಾರಗಳು

ಸ, ಶ, ಷ ಎಂಬ ಮೂರು ಅಕ್ಷರಗಳನ್ನು ನಾವು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿರುತ್ತೇವೆ. ಆದರೆ ಮಾತನಾಡುವಾಗ ನಮ್ಮಲ್ಲಿ ಬಹುಮಂದಿಯ ಬಾಯಲ್ಲಿ ಶಕಾರಕ್ಕೂ ಷಕಾರಕ್ಕೂ ಭೇದವಿರುವುದಿಲ್ಲ. ‘ಭಾಷೆ’ಯನ್ನು ‘ಭಾಶೆ’ಯೆಂದರೂ ಅರ್ಥ ಕೆಡದು; ಆದುದರಿಂದ ತಿದ್ದುವವರೂ ಇಲ್ಲ. ಈ ಔದಾಸೀನ್ಯವು ಪೋಲೆಂಡ್ ದೇಶದಲ್ಲಿ ನಡೆಯತಕ್ಕದ್ದಲ್ಲ.

ಸ್ಲಾವ್ ಭಾಷಾವರ್ಗಕ್ಕೆ ಸೇರಿದ ಪೋಲಿಷ್ ಭಾಷೆಯಲ್ಲಿ ಈ ಮೂರು ಬಗೆಯ ಧ್ವನಿಗಳೂ ಸಜೀವವಾಗಿವೆ. ‘ಕಾಸಾ’ ಎಂದರೆ ಅಂಗಡಿಯಲ್ಲಿ ಹಣ ಸಲ್ಲಿಸುವ ಸ್ಥಳ; ‘ಕಾಶಾ’ ಎಂಬುದು ಹುಡುಗಿಯೊಬ್ಬಳನ್ನು ಕರೆಯುವ ಮುದ್ದಿನ ಹೆಸರು; ‘ಕಾಷಾ’ ಎಂದರೆ ಧಾನ್ಯದ ನುಚ್ಚು. ‘ಪ್ರೊಷೆ’ ಎಂದರೆ ‘ದಯವಿಟ್ಟು’. ‘ಪ್ರೊಶೆ’ ಎಂದರೆ ಹಂದಿಯ ಮರಿ! ವಿನಯವನ್ನು ತೋರಹೊರಟ ಪರದೇಶೀಯನ ಪಾಡು ಏನಾದೀತೆಂಬುದನ್ನು ಶ್ರೋತೃಗಳೇ ಊಹಿಸಬಹುದು.

ಇಂಗ್ಲಿಷಿನ ಮೂಲಕ ಈ ಭಾಷೆಯನ್ನು ಕಲಿಯುವವರಿಗೆ ಇದು ಕಷ್ಟ. ಏಕೆಂದರೆ ಈ ಎರಡು ಧ್ವನಿಗಳ ಎಡೆಯಲ್ಲಿ ಇಂಗ್ಲಿಷಿಗೆ ಇರುವುದು ಒಂದೇ. ನಮಗಾದರೋ ವರ್ಣಮಾಲೆಯೇ ದಾರಿ ತೋರುತ್ತದೆ. ಶಕಾರವು ತಾಲವ್ಯ: ನಾಲಗೆಯ ತುದಿಯನ್ನು ಕೆಳಹಲ್ಲುಗಳ ಹಿಂದೆ ಇಳಿಸಿ, ನಡುಭಾಗವನ್ನು ಅಂಗುಳಿನ ಕಡೆಗೆ ಎತ್ತಬೇಕು. ಷಕಾರವು ಮೂರ್ಧನ್ಯ: ತುದಿಯೇ ಮೇಲಕ್ಕೇಳಬೇಕು. ಪೋಲಿಷ್ ಷಕಾರಕ್ಕೆ ನಾಲಗೆಯನ್ನು ಬಹಳ ಹಿಂದಕ್ಕೆ ಮಡಿಸಬೇಕಾಗಿಲ್ಲ. ತುದಿ ಎದ್ದರೆ ಸಾಕು.

ಲಿಪಿಯಲ್ಲಿ ಅಕ್ಷರವಿದ್ದ ಮಾತ್ರಕ್ಕೆ ಧ್ವನಿಯು ಉಳಿಯುವುದೆಂದು ಭಾವಿಸಬಾರದು. ಇದಕ್ಕೆ ಇನ್ನೊಂದು ಸ್ಲಾವ್ ಭಾಷೆಯಾದ ಕ್ರೊವೇಷಿಯನ್ನೇ ಸಾಕ್ಷಿ. ಅದರ ಲಿಪಿಯನ್ನು 1830ರ ದಶಕದಲ್ಲಿ ಲ್ಯುದೆವಿತ್ ಗಾಯ್ ಎಂಬ ವಿದ್ವಾಂಸನು ವ್ಯವಸ್ಥೆಗೊಳಿಸಿದನು. ಅದರಲ್ಲಿ ನಮ್ಮ ಚಕಾರವನ್ನು ಹೋಲುವ ಎರಡು ಅಕ್ಷರಗಳುಂಟು. ‘ಸ್ಪಾವಾಚಿತ್ಸಾ’ ಎಂಬ ಪದವನ್ನು ಒಂದು ಚಕಾರದಿಂದ ಬರೆದರೆ ನಿದ್ರಿಸುವವಳು, ಇನ್ನೊಂದರಿಂದ ಬರೆದರೆ ರಾತ್ರಿಯ ಉಡುಪು. ಆದರೂ ರಾಜಧಾನಿಯಾದ ಜಾಗ್ರೆಬಿನಲ್ಲಿ ಅನೇಕರು ಎರಡನ್ನೂ ಒಂದೇ ಬಗೆಯಾಗಿ ಉಚ್ಚರಿಸುತ್ತಾರೆ. ಅಲ್ಲಿಯ ಮಕ್ಕಳು, ನಮ್ಮ ಮಕ್ಕಳು ಶಕಾರ ಷಕಾರಗಳನ್ನು ಕಲಿಯುವಂತೆ, ಈ ಭೇದವನ್ನು ಕಾಗುಣಿತವಾಗಿ ಕಲಿಯಬೇಕಾಗಿದೆ. ಇಂತಹ ಪದಯುಗ್ಮಗಳು ಅಲ್ಲಿ ಕೆಲವೇ. ಸಂದರ್ಭವೇ ಅರ್ಥವನ್ನು ತಿಳಿಸುವುದರಿಂದ ಕಿವಿಯು ಭೇದವನ್ನು ಕೇಳುವುದನ್ನು ಬಿಟ್ಟಿತು. ಕಿವಿ ಬಿಟ್ಟುದನ್ನು ನಾಲಗೆಯೂ ಬಿಟ್ಟಿತು.

ಆದುದರಿಂದ ಪರಭಾಷೆಯನ್ನು ಕಲಿಯುವವರು ಮೊದಲು ಬಾಯನ್ನಲ್ಲ, ಕಿವಿಯನ್ನು ಪಳಗಿಸಬೇಕು. ಬಲ್ಲವರಿಂದ ‘ಕಾಶಾ’, ‘ಕಾಷಾ’ಗಳನ್ನು ಹಿಂದುಮುಂದಾಗಿ ಹೇಳಿಸಿ, ಯಾವುದು ಯಾವುದೆಂದು ತಪ್ಪದೆ ಗುರುತಿಸುವವರೆಗೂ ಕೇಳಬೇಕು; ಆಮೇಲೆ ನುಡಿಯಬೇಕು. ಹೀಗೆ ಪೋಲಿಷರ ಮಾತಿಗೆ ಕಿವಿಗೊಟ್ಟವರಿಗೆ ನಮ್ಮ ಷಕಾರವೂ ಮರಳಿ ಕೇಳಿಸತೊಡಗಿದರೆ ಅದು ಅನಿರೀಕ್ಷಿತವಾದ ಲಾಭವೇ ಸರಿ.